ಹಾರ್ಟ್ ಬಗ್ಗೆ ಕೇಳಿ: ಇವತ್ತು ಸಂಜೆ ಡಾಕ್ಟರ್ ಗ್ರೂಪಿನಲ್ಲಿ ಇರುತ್ತಾರೆ

ಅಡ್ಮಿನ್: ಹುಬ್ಬಳ್ಳಿಯ ಹೃದಯ ತಜ್ಞರೊಬ್ಬರು ಬಿಡುವು ಮಾಡಿಕೊಂಡು ಬಂದಿದ್ದಾರೆ. ಊಟ, ನಡಿಗೆ, ದಿನದ ಅಭ್ಯಾಸ ಏನಿದ್ದರೂ ಕೇಳಿ. ಹೆಸರು ಬೇಡ, ಊರು ಇಲ್ಲವೇ ಓಣಿ ಬರೆದರೆ ಸಾಕು. ರಿಪೋರ್ಟ್ ಫೋಟೊ ಹಾಕಬೇಡಿ.

ವಿದ್ಯಾನಗರ: ನಮಸ್ಕಾರ ಸರ್. ದಿನಾ ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ?

ಡಾಕ್ಟರ್: ನಮಸ್ಕಾರ. ಅಷ್ಟೇನೂ ಬೇಕಿಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಉಣಕಲ್ ಕೆರೆ ದಂಡೆಯಲ್ಲಿ ನಿಂತು ನಿಂತು ಹರಟೆ ಹೊಡೆದು, ಬರುವಾಗ ಮಿರ್ಚಿ ತಿಂದು ಬಂದರೆ ಅದು ವಾಕಿಂಗ್ ಲೆಕ್ಕಕ್ಕೆ ಬರುವುದಿಲ್ಲ.

ಮಾಳಮಡ್ಡಿ, ಧಾರವಾಡ: ಬಿಪಿ ಈಗ 124/80 ಇದೆ ಸರ್. ಮಾತ್ರೆ ಬಿಡಬಹುದಾ?

ಡಾಕ್ಟರ್: ಬೇಡ. ಮಾತ್ರೆ ನುಂಗುತ್ತಿದ್ದೀರಿ, ಅದಕ್ಕೇ 124 ಇದೆ.

ಬೆಟಗೇರಿ: ಸರ್, ನಮ್ಮತ್ತೆಗೆ ಬಿಪಿ. ಮಾಮೂಲಿ ಉಪ್ಪು ಬಿಟ್ಟು ಸೈಂಧವ ಉಪ್ಪು ಹಾಕ್ತಿದ್ದೀನಿ. ಒಳ್ಳೆಯದಲ್ವಾ?

ಡಾಕ್ಟರ್: ಸೈಂಧವವೂ ಉಪ್ಪೇ ಅಕ್ಕಾ. ಅದರಲ್ಲಿರುವುದೂ ಬಹುಪಾಲು ಸೋಡಿಯಂ ಕ್ಲೋರೈಡ್. ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ. ಪಲ್ಯದ ಉಪ್ಪಿಗಿಂತ ತಾಟಿನ ಅಂಚಿನಲ್ಲಿ ಕೂರುವುದನ್ನು ನೋಡಿ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಅದು ಅಪಾಯ. ಕೆಲವು ಬಿಪಿ ಮಾತ್ರೆಗಳ ಜೊತೆಗೂ ಆಗುವುದಿಲ್ಲ. ಕೇಳದೆ ಹಾಕಬೇಡಿ.

ಹಾವೇರಿ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆ್ಯಪಲ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕ್ ಕರಗುತ್ತೆ ಅಂತ ಮೆಸೇಜ್ ಬಂದಿದೆ. ನಾಳ ತೆರೆದಿಡೋ ಸ್ಟೆಂಟ್ ಕೊಳವೆ ಹಾಕಿಸೋದು ಬೇಡವಂತೆ. ನಿಜಾನಾ?

ಡಾಕ್ಟರ್: ಸುಳ್ಳು. ಬ್ಲಾಕ್ ಇರುವುದು ರಕ್ತನಾಳದ ಗೋಡೆಯೊಳಗೆ. ವರ್ಷಗಟ್ಟಲೆ ಸೇರಿದ ಕೊಬ್ಬು, ಕ್ಯಾಲ್ಸಿಯಂ ಅದು. ಕಷಾಯ ಕುಡಿದರೆ ಕರಗುವುದಿಲ್ಲ. ಬೆಳ್ಳುಳ್ಳಿ ತಿನ್ನಬೇಡಿ ಅನ್ನುತ್ತಿಲ್ಲ, ರೊಟ್ಟಿ ಜೊತೆ ಚಟ್ನಿ ಮಾಡಿ ತಿನ್ನಿ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ನಂಬಿ ರಕ್ತ ತೆಳು ಮಾಡುವ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಆಗ ಮೆಸೇಜ್ ಕಳಿಸಿದವರು ಆಸ್ಪತ್ರೆಗೆ ಬರುವುದಿಲ್ಲ.

ನವನಗರ: ಸರ್, ನನಗೆ 52. ಶುಗರ್ ಇದೆ. ದಿನಾ ನೃಪತುಂಗ ಬೆಟ್ಟ ಹತ್ತುತ್ತೇನೆ. ಒಂದು ತಿಂಗಳಿಂದ ಅರ್ಧ ಹತ್ತುವಷ್ಟರಲ್ಲಿ ಎದೆ ನಡುವೆ ಒತ್ತಿದ ಹಾಗಾಗುತ್ತೆ, ದವಡೆಯೂ ಬಿಗಿಯುತ್ತೆ. ನಿಂತರೆ ಹೋಗುತ್ತೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡೀತೀನಿ. ನನ್ನ ಪ್ರಶ್ನೆ, ಖಾಲಿ ಹೊಟ್ಟೆಯಲ್ಲಿ ವಾಕ್ ಮಾಡಬೇಕಾ, ತಿಂದು ಮಾಡಬೇಕಾ?

ಡಾಕ್ಟರ್: ನಿಮ್ಮ ಪ್ರಶ್ನೆ ಈಗ ಬಿಡಿ. ನಾಳೆಯಿಂದ ಬೆಟ್ಟ ಹತ್ತುವುದೂ ಬಿಡಿ.

ಗ್ಯಾಸ್‌ಗೆ ನೀವು ಬೆಟ್ಟ ಹತ್ತುತ್ತಿದ್ದೀರೋ ಕೂತಿದ್ದೀರೋ ಗೊತ್ತಾಗುವುದಿಲ್ಲ. ಹೃದಯಕ್ಕೆ ಗೊತ್ತಾಗುತ್ತದೆ. ಹತ್ತುವಾಗ ಅದಕ್ಕೆ ಜಾಸ್ತಿ ರಕ್ತ ಬೇಕು. ನಾಳ ಕಿರಿದಾಗಿದ್ದರೆ ಅಷ್ಟು ಸಿಗುವುದಿಲ್ಲ, ಎದೆ ಹಿಡಿಯುತ್ತದೆ. ನಿಂತಾಗ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ. ಇದು ಆಂಜೈನಾ ಇರಬಹುದು. ದವಡೆ, ಭುಜ, ಎಡಗೈ, ಬೆನ್ನಿಗೂ ನೋವು ಹರಡಬಹುದು. ಶುಗರ್ ಇದ್ದವರಿಗೆ ನರ ಮಂದವಾಗಿ ನೋವೇ ಸರಿಯಾಗಿ ಗೊತ್ತಾಗದೆ ಬರೀ ಬೆವರು, ಸುಸ್ತು, ಏದುಸಿರು ಬರುವುದೂ ಉಂಟು. ಸೋಡಾ ಕುಡಿದು ತೇಗು ಬಂದಾಗ ಹಗುರ ಆಯಿತು ಅನಿಸುತ್ತದಲ್ಲ, ಆಗ ನೀವು ಬೆಟ್ಟ ಹತ್ತುತ್ತಿರಲಿಲ್ಲ, ನಿಂತಿದ್ದಿರಿ.

ಎರಡು ಪ್ರಶ್ನೆಗೆ ಬೇಗ ಉತ್ತರಿಸಿ. ಈಗ ಮೊದಲಿಗಿಂತ ಕಡಿಮೆ ನಡೆದರೂ ಬರುತ್ತದಾ? ಸುಮ್ನೆ ಕೂತಾಗ, ಮಲಗಿದಾಗ ಬಂದಿದೆಯಾ?

ಗೋಕುಲ ರೋಡ್: ಯಾವ ಎಣ್ಣೆ ಒಳ್ಳೆಯದು ಸರ್? ಶೇಂಗಾನಾ, ಕುಸುಬಿನಾ?

ಗದಗ: ಗಾಣದ ಕುಸುಬಿ ಎಣ್ಣೆ. ನಮ್ಮದೇ ಗಾಣ ಇದೆ, ಮನೆಗೇ ತಂದು ಕೊಡ್ತೀವಿ. ರಿಫೈನ್ಡ್ ವಿಷ.

ವಿದ್ಯಾನಗರ: ಅಣ್ಣಾ, ಇಲ್ಲೂ ಅಂಗಡಿ ತೆಗೆದ್ರಾ?

ಗದಗ: ನಮ್ಮಜ್ಜ ಇದನ್ನೇ ತಿಂದು ಗಟ್ಟಿ ಇದ್ದರು.

ಗೋಕುಲ ರೋಡ್: ನಿಮ್ಮಜ್ಜ ಹೊಲದಲ್ಲಿ ದುಡಿದಿದ್ದರು. ನೀವು ಗಲ್ಲೆ ಮೇಲೆ ಕೂತಿದ್ದೀರಿ.

ಡಾಕ್ಟರ್: ಎರಡೂ ನಡೆಯುತ್ತವೆ, ಕಡಿಮೆ ಹಾಕಿ. ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬೇಡಿ, ಡಾಲ್ಡಾ ಬೇಡ. ಗಾಣದ್ದಾದರೂ ಎಣ್ಣೆ ಎಣ್ಣೆಯೇ. ನವನಗರದವರು ಎಲ್ಲಿ?

ಲಕ್ಷ್ಮೇಶ್ವರ: ಮಾತ್ರೆ ಎಷ್ಟು ದಿನ ತಗೋಬೇಕು ಸರ್? ಬಿಪಿ ನಾರ್ಮಲ್ ಆಗಿದೆ.

ಡಾಕ್ಟರ್: ಮಾಳಮಡ್ಡಿಯವರಿಗೆ ಬರೆದಿದ್ದನ್ನೇ ಓದಿ.

ಕೇಶ್ವಾಪುರ: ಸಿಗರೇಟು ಬಿಟ್ಟು ಎಲೆ ಅಡಿಕೆ ತಂಬಾಕು ಹಿಡಿದಿದ್ದೀನಿ. ಹಾರ್ಟ್‌ಗೆ ಪರವಾಗಿಲ್ಲ ಅಲ್ವಾ?

ಡಾಕ್ಟರ್: ಹಾಗಲ್ಲ, ತೊಂದರೆ ಇದೆ. ನಿಕೋಟಿನ್ ಬಾಯಿಂದ ಹೋದರೂ ಬಿಪಿ, ನಾಡಿ ಏರಿಸುತ್ತದೆ. ಸಿಗರೇಟು ಬಿಟ್ಟಿದ್ದು ಒಳ್ಳೆಯದಾಯಿತು. ಒಂದು ವರ್ಷ ದಾಟಿದರೆ ಹೃದಯ ಕಾಯಿಲೆಯ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕಿಳಿಯುತ್ತದೆ. ಈಗ ತಂಬಾಕೂ ಬಿಡಿ.

ರಾಣೇಬೆನ್ನೂರು: ರಾತ್ರಿ ಪಾಳಿ ಕೆಲಸ ಸರ್. ಊಟ ಎಷ್ಟು ಗಂಟೆಗೆ ಮಾಡಬೇಕು?

ನವನಗರ: ತಡವಾಯ್ತು ಸರ್, ಮನೆಗೆ ಬೀಗರು ಬಂದಿದ್ದರು. ಈ ವಾರ ಮೆಟ್ಟಿಲು ಹತ್ತಿದರೂ ಬರ್ತಿದೆ. ನಿನ್ನೆ ರಾತ್ರಿ ಮಲಗಿದ್ದಾಗಲೂ ಬಂತು, ಬೆವರಿತು, ಕಾಲು ಗಂಟೆ ಇತ್ತು. ನಾಳೆ ಅಣ್ಣನ ಮಗಳ ಲಗ್ನ. ಮಂಗಳವಾರ ತೋರಿಸಲಾ?

ಹಾವೇರಿ: ಹೆದರಬೇಡಿ ಅಣ್ಣಾ. ನೋವು ಬಂದರೆ ದೀರ್ಘ ಉಸಿರು ಎಳೆದು ಜೋರಾಗಿ ಕೆಮ್ಮುತ್ತಾ ಇರಿ, ಅಟ್ಯಾಕ್ ನಿಲ್ಲುತ್ತೆ. ವಿಡಿಯೊ ಇದೆ, ಕಳಿಸ್ತೀನಿ.

ಡಾಕ್ಟರ್: ಹಾವೇರಿಯವರೇ, ಅದನ್ನು ಅಳಿಸಿ. ಈಗಲೇ. ಕೆಮ್ಮುತ್ತಾ ಕೂತು ಕಳೆಯುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ನವನಗರದವರೇ, ಮಂಗಳವಾರ ಅಲ್ಲ, ಈಗ. ಮಲಗಿದಾಗಲೂ ನೋವು ಬರುತ್ತಿದೆ ಅಂದರೆ ಪರಿಸ್ಥಿತಿ ಕೆಟ್ಟಿದೆ. ಬೈಕ್ ನೀವು ಓಡಿಸಬೇಡಿ. 108ಕ್ಕೆ ಫೋನ್ ಮಾಡಿ. ಹೃದಯ ತಜ್ಞರಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ಓಪಿಡಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲಬೇಡಿ. ‘ಶುಗರ್ ಇದೆ, ನಿನ್ನೆ ರಾತ್ರಿ ಮಲಗಿದಾಗ ಎದೆನೋವು ಬಂತು’ ಅಂತ ಮೊದಲು ಹೇಳಿ.

ಗದಗ: ಡಾಕ್ಟರ್ ರಿಫೈನ್ಡ್ ಬಗ್ಗೆ ಹೇಳಲೇ ಇಲ್ಲ.

ಗೋಕುಲ ರೋಡ್: ಬಾಯಿ ಮುಚ್ಚಿಕೊಂಡು ಇರ್ರೀ ಸ್ವಲ್ಪ.

ಅಡ್ಮಿನ್: ಎಣ್ಣೆ ಜಗಳ ಇಲ್ಲಿಗೆ ಸಾಕು. ಇನ್ನೊಂದು ಮಾತಾಡಿದರೆ ಇಬ್ಬರನ್ನೂ ತೆಗೀತೀನಿ.

ನವನಗರ: ಸರ್, ನಾನು ಅವರ ಮಗ. ತುರ್ತು ವಿಭಾಗದಲ್ಲಿದ್ದೇವೆ. ಇಸಿಜಿ ನಾರ್ಮಲ್ ಅಂದರು. ಅಪ್ಪ ಮನೆಗೆ ಹೋಗೋಣ ಅಂತಿದ್ದಾರೆ.

ಡಾಕ್ಟರ್: ಕರೆದುಕೊಂಡು ಹೋಗಬೇಡಪ್ಪಾ. ನೋವಿಲ್ಲದ ಹೊತ್ತಿನಲ್ಲಿ ಇಸಿಜಿ ನಾರ್ಮಲ್ ಬರಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೊಪೊನಿನ್ ರಕ್ತ ಪರೀಕ್ಷೆ ಆಗಬೇಕು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕಾಗಬಹುದು. ಇಸಿಜಿಯನ್ನೂ ಮತ್ತೆ ತೆಗೆಯಲಿ. ಅಲ್ಲಿನ ಡ್ಯೂಟಿ ಡಾಕ್ಟರ್‌ಗೆ ಫೋನ್ ಕೊಡು, ಅಡ್ಮಿನ್ ನನ್ನ ನಂಬರ್ ಕಳಿಸುತ್ತಾರೆ. ಉಳಿದವರ ಪ್ರಶ್ನೆ ಇವತ್ತು ಬೇಡ.