ಆರತಕ್ಷತೆಗೆ ಎಷ್ಟು ಕೇಕ್ ಹೇಳಬೇಕು?

ವಧುವಿನ ಅಕ್ಕ, ಮೈಸೂರು:
ಮೇ ತಿಂಗಳಲ್ಲಿ ತಂಗಿಯ ಆರತಕ್ಷತೆ. 300 ಜನ ಬರುತ್ತಾರೆ. ಮೂರು ಅಂತಸ್ತಿನ ಕೇಕ್ ಬೇಕೆಂದು ಅವಳ ಆಸೆ. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ, ಛತ್ರದಲ್ಲಿ ಎ.ಸಿ. ಇಲ್ಲ. ಊಟಕ್ಕೆ ಹೋಳಿಗೆ ಹೇಗೂ ಇದೆ. ಎಷ್ಟು ಕೆ.ಜಿ. ಹೇಳಲಿ?

ಬೇಕರಿಯವಳು, ಹಾಸನ:
ಪೂರ್ತಿ ಮೊಟ್ಟೆಯಿಲ್ಲದ್ದನ್ನೇ ಹೇಳಿ. ಎರಡು ಬಗೆ ಮಾಡಿಸಿದರೆ ಬಡಿಸುವ ಗಡಿಬಿಡಿಯಲ್ಲಿ ಬೆರೆತುಹೋಗುತ್ತವೆ, ಅಜ್ಜಿಯ ಮನಸ್ಸು ನೋಯಬಾರದು. ತುಂಡಿಗೆ 50 ಗ್ರಾಂ ಎಂದರೆ 300 ಜನಕ್ಕೆ 15 ಕೆ.ಜಿ. ಅಷ್ಟನ್ನೂ ಅಂತಸ್ತು ಕಟ್ಟಿಸಬೇಡಿ, ಹಣ ದಂಡ. ವೇದಿಕೆಗೆ 4 ಕೆ.ಜಿ. ಸಾಕು, ಉಳಿದದ್ದು ಅದೇ ರುಚಿಯ ಚೌಕ ಕೇಕಾಗಿ ನೇರ ಅಡುಗೆಮನೆಗೆ ಬರಲಿ. ಸೆಕೆಗೆ ಕ್ರೀಮಿನ ಹೂಗಳು ಜಾರುತ್ತವೆ. ಗಟ್ಟಿ ಚಾಕೊಲೇಟ್ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ ಮಾಡುವ ಲೇಪ, ಹೆಚ್ಚು ಹೊತ್ತು ತಡೆಯುತ್ತದೆ.

ದುಂಡು ಕೇಕನ್ನು ತ್ರಿಕೋನವಾಗಿ ಕೊಯ್ಯಬೇಡಿ. ಅಂಚಿನಿಂದ ಎರಡು ಅಂಗುಲ ಒಳಗೆ ವೃತ್ತ ಕೊಯ್ದು, ಆ ಬಳೆಯನ್ನು ಅಡ್ಡಡ್ಡ ತುಂಡು ಮಾಡಿ, ಆಮೇಲೆ ನಡುವಿನದಕ್ಕೆ ಕೈಹಾಕಿ. ಉದ್ದನೆಯ ಚಾಕುವನ್ನು ಬಿಸಿನೀರಿಗೆ ಅದ್ದಿ, ಪ್ರತಿ ಸಲವೂ ಒರೆಸಿ. ಆಗ ಪದರಗಳು ಅಚ್ಚುಕಟ್ಟಾಗಿ ಕಾಣುತ್ತವೆ.

ಅಡುಗೆಯವರು, ಮಂಡ್ಯ:
ಕೇಕನ್ನು ಎಲೆಗೆ ಬಡಿಸಬೇಡಿ, ಸಾರು ತಾಗಿದರೆ ಕೆಟ್ಟಿತು. ಉಡುಗೊರೆ ಕೊಟ್ಟು ಇಳಿಯುವವರಿಗೆ ವೇದಿಕೆಯ ಪಕ್ಕದಲ್ಲೇ ದೊನ್ನೆಯಲ್ಲಿ ಕೊಡಿಸಿ. ಹೋಳಿಗೆ ಮಾತ್ರ ಎಲೆಯ ಮೇಲೆ, ಬಿಸಿಯಾಗಿ, ತುಪ್ಪ ಸುರಿದು.

ವಧುವಿನ ಅಕ್ಕ:
ತುಂಬಾ ಉಪಕಾರವಾಯಿತು. ದೊನ್ನೆಗಳನ್ನು ನಾಳೆಯೇ ಹೇಳುತ್ತೇನೆ.