ಪದಚರ್ಚೆ: ತರಿಸಿದ ಗಿಡದೊಡನೆ ಬಂದ ಹುಳಕ್ಕೆ ‘ವಲಸೆ ಕೀಟ’ ಎನ್ನಬಹುದೇ?

ಮಾನ್ಯರೇ,

ಅಲಂಕಾರದ ಗಿಡಗಳನ್ನು ಬೆಳೆಸಿ ಮಾರುವ ನರ್ಸರಿಯವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಹೊರದೇಶದಿಂದ ತರಿಸಿದ ಗಿಡಗಳ ಎಲೆಯಡಿಯಲ್ಲೋ ಬೇರಿನ ಮಣ್ಣಿನಲ್ಲೋ ಅಡಗಿ ಬಂದು, ತವರಿನಲ್ಲಿ ತಮ್ಮನ್ನು ಹದ್ದುಬಸ್ತಿನಲ್ಲಿಡುತ್ತಿದ್ದ ಶತ್ರುಗಳು ಇಲ್ಲಿ ಇಲ್ಲದ ಕಾರಣ ಎಲ್ಲೆಮೀರಿ ಹೆಚ್ಚುವ ಕೀಟಗಳನ್ನು ಒಟ್ಟಾಗಿ ಏನೆಂದು ಕರೆಯಬೇಕು ಎಂಬಲ್ಲಿ ಕೆಲಸ ನಿಂತಿದೆ.

‘ವಲಸೆ ಕೀಟ’ ಎಂಬುದು ಮೊದಲು ಹೊಳೆದ ಪದ. ಆದರೆ ವಲಸೆ ಹೋಗುವುದು ಮಿಡತೆಯ ಹಿಂಡು. ಅದು ತನ್ನ ರೆಕ್ಕೆಯ ಬಲದಿಂದ ಹೋಗುತ್ತದೆ. ಎಲೆಯೊಳಗೆ ಬಿಳಿ ಗೆರೆ ಕೊರೆಯುವುದರಿಂದ ನಮ್ಮ ರೈತರು ‘ರಂಗೋಲಿ ಹುಳು’ ಎಂದು ಕರೆಯುವ ಕೀಟವು 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಿಂದ ಕೀನ್ಯಾ ತಲುಪಿದ್ದು ನಾಟಿಗೆಂದು ಕಳಿಸಿದ ಸೇವಂತಿಗೆಯ ಕಡ್ಡಿಗಳೊಡನೆ. 2007ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡು, ಮುಂದೆ ಯುರೋಪಿನ ಉದ್ಯಾನಗಳ ಬಾಕ್ಸ್ ಗಿಡದ ಬೇಲಿಗಳನ್ನು ಬೋಳಾಗಿಸಿದ ಪತಂಗವೂ ಪೂರ್ವ ಏಷ್ಯಾದ ಗಿಡಗಳೊಡನೆ ಸಾಗಿ ಬಂದದ್ದೇ. ತಂದವರು ಮನುಷ್ಯರಾಗಿರುವಾಗ ಹೊಣೆಯನ್ನು ಹುಳದ ಮೇಲೆ ಹೊರಿಸುವ ‘ವಲಸೆ’, ‘ಆಕ್ರಮಣಕಾರಿ’ ಎಂಬ ಪದಗಳು ನನಗೆ ಒಪ್ಪಿಗೆಯಾಗುತ್ತಿಲ್ಲ. ಗಿಡ ತರಿಸುವವನೇ ಓದಬೇಕಾದ ಹೊತ್ತಗೆಯಲ್ಲಂತೂ ಅವು ಸಲ್ಲವು.

‘ವಿದೇಶಿ ಕೀಟ’ ಎಂದರೆ ಇನ್ನೊಂದು ತೊಡಕು. ಮೆಕ್ಸಿಕೋ ಮೂಲದ, ಪರಂಗಿ ಹಣ್ಣಿನ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡುಬಂದಿತು. ಪರಂಗಿಯನ್ನಷ್ಟೇ ಅಲ್ಲದೆ ಹಿಪ್ಪುನೇರಳೆ, ದಾಸವಾಳಗಳನ್ನೂ ಹಾಳುಮಾಡಿತು. ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಪೋರ್ಟೊರಿಕೋದಿಂದ ಬೆಂಗಳೂರಿಗೆ ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟ ಅಸಿರೊಫಾಗಸ್ ಪಪಾಯೆ ಎಂಬ ಪುಟ್ಟ ಕಣಜ. ಅದೂ ವಿದೇಶಿ ಕೀಟವೇ, ಆದರೆ ರೈತನಿಗೆ ಉಪಕಾರಿ. ಆದುದರಿಂದ ‘ಕೀಟ’ ಎಂದರೆ ಸಾಲದು, ‘ಪೀಡೆ’ ಎಂಬುದು ಸೇರಲೇಬೇಕು. ‘ಕೀಟನಾಶಕ’, ‘ಪೀಡೆನಾಶಕ’ ಎಂಬ ಎರಡು ಪದಗಳು ಬಳಕೆಯಲ್ಲಿರುವುದರಿಂದ ಈ ಭೇದ ಕೃಷಿ ಓದುಗರಿಗೆ ಹೊಸದೇನಲ್ಲ. ಇನ್ನು ‘ಪರದೇಶಿ’ ಎಂಬುದನ್ನು ಬಿಟ್ಟೇಬಿಡಬೇಕು. ಕನ್ನಡದಲ್ಲಿ ಅದು ದಿಕ್ಕಿಲ್ಲದವನನ್ನು ಕುರಿತು ಮರುಕ ಹುಟ್ಟಿಸುವ ಮಾತು.

ಇಲ್ಲಿ ಒಂದು ಸಂಗತಿ ನನ್ನ ಮನಸ್ಸನ್ನು ಹಿಡಿದಿದೆ. ‘ಪರಂಗಿ’ ಎಂಬ ಹೆಸರು ‘ಫರಂಗಿ’ಯಿಂದ ಬಂದದ್ದು, ಎಂದರೆ ಹೊರಗಿನವರ ಹಣ್ಣು. ಹಡಗಿನಲ್ಲಿ ಬಂದ ಗಿಡಗಳಿಗೆ ನಮ್ಮ ಜನ ‘ಸೀಮೆ’ ಎಂಬ ಪದವನ್ನೂ ಸಲೀಸಾಗಿ ಸೇರಿಸಿದರು: ಸೀಮೆಬದನೆ, ಸೀಮೆಹುಣಸೆ. ಇವೆರಡರ ಮೂಲವೂ ಪರಂಗಿಯಂತೆ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಡೆಯದು. ಗಿಡಕ್ಕೆ ಸಂದ ಈ ವಿಶೇಷಣ ಅದರ ಹುಳಕ್ಕೂ ಸಲ್ಲಬಾರದೇಕೆ? ‘ಸೀಮೆಹುಳ’ ಎಂದರೆ ಎರಡೇ ಪದಗಳಲ್ಲಿ ಮೂಲ ತಿಳಿಯುತ್ತದೆ, ‘ಹುಳ ಬಿದ್ದಿದೆ’ ಎನ್ನುವ ಬೆಳೆಗಾರನ ಬಾಯಿಗೂ ಹತ್ತುತ್ತದೆ. ಆದರೆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಮೊದಲಾದ ಪದಗಳಲ್ಲೆಲ್ಲ ‘ಸೀಮೆ’ಗೆ ಬೇಕಾದ ವಸ್ತು ಎಂಬ ಛಾಯೆ ಅಂಟಿಕೊಂಡಿದೆ, ಬೇಡದ ಹುಳಕ್ಕೆ ಅದನ್ನು ಸೇರಿಸಿದರೆ ಕಿವಿಗೆ ಒಗ್ಗೀತೇ ಎಂಬ ಅಳುಕು ನನಗಿದೆ.

ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಹೊರದೇಶದ ಪೀಡೆಕೀಟಗಳು’ ಎಂದೂ, ಒಳಗಿನ ಬರಹದಲ್ಲಿ ‘ಗಿಡದೊಡನೆ ಬಂದ ಹುಳ’ ಎಂದೂ ಬರೆದಿಟ್ಟುಕೊಂಡಿದ್ದೇನೆ. ಯಾವುದಾದರೂ ಹುಳಕ್ಕೋ, ಕಳೆಗೋ, ರೋಗಕ್ಕೋ ‘ಸೀಮೆ’ ಅಥವಾ ‘ಪರಂಗಿ’ ಸೇರಿಸಿ ಕರೆಯುವುದನ್ನು ತಮ್ಮ ಊರಿನಲ್ಲಿ ಕೇಳಿದವರಿದ್ದರೆ, ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಬೇಕು.