ಹೊಸ ವಿನ್ಯಾಸ ಹಾಕಿದ ಮೇಲೆ ಸೈಟ್ ಗೂಗಲ್‌ನಿಂದ ಮಾಯ – ಎಲ್ಲಿಂದ ಹುಡುಕಲಿ?

ಸೂಜಿದಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಲಿಗೆ ಯಂತ್ರ ರಿಪೇರಿಯ ಸಣ್ಣ ವ್ಯಾಪಾರ. ಬಿಡಿಭಾಗಗಳನ್ನೂ ಮಾರುತ್ತೇವೆ. ಹಳೇ ವೆಬ್‌ಸೈಟ್ ನೋಡಲು ಏನೇನೂ ಚೆನ್ನಾಗಿರಲಿಲ್ಲ. ಮೊಬೈಲ್‌ನಲ್ಲಿ ತೆರೆದರೆ ಅಕ್ಷರಗಳು ಇರುವೆ ಸಾಲಿನ ಹಾಗೆ. ಆದರೂ ಅದರಿಂದ ಫೋನ್ ಬರುತ್ತಿತ್ತು. ಮೋಟಾರ್ ಹಾಕಿಸಬೇಕು, ಬಾಬಿನ್ ಕೇಸ್ ಬೇಕು ಅಂತ ಗೂಗಲ್‌ನಲ್ಲಿ ಹುಡುಕಿ ಬಂದವರೇ ಜಾಸ್ತಿ.

ಈಗ ಒಬ್ಬ ಡಿಸೈನರ್ ಹತ್ತಿರ ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಹೊಸ ಸೈಟ್ ಮಾಡಿಸಿದೆವು. ಡೊಮೇನ್ ಹಳೆಯದೇ. ಸೈಟ್ ಚಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸದು ಹಾಕಿ ಕೆಲವು ವಾರ ಆಗುವಷ್ಟರಲ್ಲಿ ಫೋನ್ ಬರುವುದೇ ನಿಂತುಹೋಯಿತು. ವ್ಯಾಪಾರದ ಹೆಸರನ್ನೇ ಹಾಕಿ ಹುಡುಕಿದರೂ ಸೈಟ್ ಬರುತ್ತಿಲ್ಲ. ಡಿಸೈನರ್‌ನ ಕೇಳಿದರೆ, ಎಸ್‌ಇಒ (ಗೂಗಲ್‌ನಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವುದು) ಬೇರೆ ಕೆಲಸ, ಅದಕ್ಕೆ ಬೇರೆ ಪ್ಯಾಕೇಜ್ ಇದೆ ಅನ್ನುತ್ತಾರೆ. ಪ್ಯಾಕೇಜ್ ತೆಗೆದುಕೊಂಡರೆ ಸರಿಹೋಗುತ್ತದಾ? ಇಲ್ಲಾ ಸೈಟ್‌ನಲ್ಲೇ ಏನಾದರೂ ಕೆಟ್ಟಿದೆಯಾ? ನನಗೆ ಕೋಡ್ ಬರುವುದಿಲ್ಲ. ಹೇಳಿಕೊಟ್ಟರೆ ಮಾಡುತ್ತೇನೆ.

ಕೀವರ್ಡ್‌ರಾಜ

ಸರ್, ವರ್ಡ್‌ಪ್ರೆಸ್‌ಗೆ ಜೋಡಿಸುವ ಒಂದು ಎಸ್‌ಇಒ ಪ್ಲಗಿನ್ ಹಾಕಿ. ಮೆಟಾ ಕೀವರ್ಡ್ಸ್ ಅಂತ ಒಂದು ಜಾಗ ಇರುತ್ತದೆ. ಅದರಲ್ಲಿ ನಿಮ್ಮ ಎಲ್ಲಾ ಸೇವೆಗಳ ಹೆಸರು ತುಂಬಿಸಿ. ಪ್ಲಗಿನ್‌ನ ದೀಪ ಹಸಿರಾಗುವ ತನಕ ಬಿಡಬೇಡಿ.

ಲಾಗ್‌ಫೈಲ್

ಕೀವರ್ಡ್ಸ್ ಟ್ಯಾಗ್ ಸುಮ್ನೆ ಬಿಡಿ. ಅದನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಇನ್ನು ಹಸಿರು ದೀಪ ಪ್ಲಗಿನ್ ಮಾಡಿದವರ ಲೆಕ್ಕ, ಗೂಗಲ್‌ನದ್ದಲ್ಲ.

ಸೂಜಿದಾರ ಅವರೇ, ಸ್ವಂತ ಹೆಸರಿಗೂ ಸೈಟ್ ಬರುತ್ತಿಲ್ಲ ಅಂದರೆ ಇದು ಮೇಲೆ ಬರುವ, ಕೆಳಗೆ ಬರುವ ಪ್ರಶ್ನೆಯೇ ಅಲ್ಲ. ಸೈಟ್ ಗೂಗಲ್‌ನ ಪಟ್ಟಿಯಲ್ಲೇ ಇಲ್ಲ ಅನ್ನಿಸುತ್ತಿದೆ. ಪ್ಯಾಕೇಜ್ ವಿಷಯ ಆಮೇಲೆ ನೋಡೋಣ.

ಮೊದಲು ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ. ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್‌ನದೇ ಸಾಧನ, ಉಚಿತ. ಡೊಮೇನ್ ನಿಮ್ಮದೇ ಅಂತ ದೃಢೀಕರಿಸಬೇಕು, ಅಷ್ಟೆ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಮುಖಪುಟದ ವಿಳಾಸ ಹಾಕಿ ಎಂಟರ್ ಒತ್ತಿ. ಪುಟ ಇಂಡೆಕ್ಸ್‌ನಲ್ಲಿ (ಗೂಗಲ್‌ನ ಆ ಪಟ್ಟಿಯಲ್ಲಿ) ಇದೆಯಾ, ಇಲ್ಲದಿದ್ದರೆ ಏಕೆ ಇಲ್ಲ, ಎರಡನ್ನೂ ಅದೇ ಹೇಳುತ್ತದೆ. ಏನು ಬಂತು ಅಂತ ಇಲ್ಲಿ ಬರೆಯಿರಿ. ಊಹೆ ಮಾಡುತ್ತಾ ಕೂತರೆ ನಾಳೆಯೂ ಮುಗಿಯುವುದಿಲ್ಲ.

ಜೊತೆಗೆ ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್‌ಗೆ ಹೋಗಿ. ಕೆಳಗಡೆ 'ಡಿಸ್‌ಕರೇಜ್ ಸರ್ಚ್ ಎಂಜಿನ್ಸ್' ಅಂತ ಶುರುವಾಗುವ ಒಂದು ಚೌಕ ಇದೆ. ಅದರಲ್ಲಿ ಟಿಕ್ ಇದೆಯಾ ನೋಡಿ.

ಸೂಜಿದಾರ

ಟಿಕ್ ಇದೆ! ಕನ್ಸೋಲ್‌ನಲ್ಲಿ 'ಎಕ್ಸ್‌ಕ್ಲೂಡೆಡ್ ಬೈ ನೋಇಂಡೆಕ್ಸ್ ಟ್ಯಾಗ್' ಅಂತ ಬರುತ್ತಿದೆ.

ಲಾಗ್‌ಫೈಲ್

ಸಿಕ್ಕಿತು. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟಗಳು ಗೂಗಲ್‌ಗೆ ಹೋಗಬಾರದು ಅಂತ ಆ ಟಿಕ್ ಹಾಕಿರುತ್ತಾರೆ. ಅದು ಸರಿಯಾದ ಕ್ರಮವೇ. ಸೈಟ್ ಬಿಡುಗಡೆ ಮಾಡಿದ ದಿನ ತೆಗೆಯಬೇಕು, ಅದು ಉಳಿದುಹೋಗಿದೆ. ಆ ಟಿಕ್ ಇರುವ ತನಕ ನಿಮ್ಮ ಪ್ರತಿಯೊಂದು ಪುಟವೂ 'ನನ್ನನ್ನು ಸೇರಿಸಬೇಡ' ಅಂತ ಗೂಗಲ್‌ಗೆ ಹೇಳುತ್ತಿರುತ್ತದೆ, ನೋಇಂಡೆಕ್ಸ್ ಅಂದರೆ ಅದೇ. ಗೂಗಲ್ ಆ ಮಾತು ಕೇಳಿದೆ.

ಟಿಕ್ ತೆಗೆದು ಸೇವ್ ಮಾಡಿ. ಕನ್ಸೋಲ್‌ನಲ್ಲಿ 'ಟೆಸ್ಟ್ ಲೈವ್ ಯುಆರ್‌ಎಲ್' ಒತ್ತಿ. ಸರಿ ಬಂದರೆ ಮಾತ್ರ 'ರಿಕ್ವೆಸ್ಟ್ ಇಂಡೆಕ್ಸಿಂಗ್' ಒತ್ತಿ.

ಸೂಜಿದಾರ

ಟಿಕ್ ತೆಗೆದೆ. ಲೈವ್ ಟೆಸ್ಟ್‌ನಲ್ಲಿ ಇನ್ನೂ ನೋಇಂಡೆಕ್ಸ್ ಅಂತಲೇ ಬರುತ್ತಿದೆ. ಬೇರೆ ಬ್ರೌಸರ್‌ನಲ್ಲಿ ನೋಡಿದರೂ ಅಷ್ಟೇ.

ಪಿಕ್ಸೆಲ್‌ಪುಟ್ಟ

ಕ್ಯಾಶ್ ಪ್ಲಗಿನ್ ಇದೆಯಾ ನೋಡಿ. ಅದು ಹಳೇ ಪುಟದ ನಕಲನ್ನೇ ಕೊಡುತ್ತಿರಬಹುದು. 'ಕ್ಲಿಯರ್ ಕ್ಯಾಶ್' ಅಥವಾ 'ಪರ್ಜ್ ಆಲ್' ಅಂತ ಒಂದು ಬಟನ್ ಇರುತ್ತದೆ. ಕೆಲವು ಹೋಸ್ಟಿಂಗ್‌ಗಳಲ್ಲಿ ಸರ್ವರ್ ಕಡೆಯೂ ಒಂದು ಕ್ಯಾಶ್ ಇರುತ್ತದೆ. ಅದನ್ನೂ ಖಾಲಿ ಮಾಡಿ.

ಸೂಜಿದಾರ

ಕ್ಯಾಶೇ ಕಾರಣ. ಈಗ ಲೈವ್ ಟೆಸ್ಟ್ ಹಸಿರು ಬಂತು. ಇನ್ನು ಸುಮ್ಮನೆ ಕಾಯುವುದು ತಾನೇ?

ಲಾಗ್‌ಫೈಲ್

ಕಾಯಬೇಕು. ಗೂಗಲ್ ಮತ್ತೆ ಬಂದು ನೋಡಲು ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತದೆ. ಅದೇ ಬಟನ್ ದಿನಾ ಒತ್ತಿದರೆ ಬೇಗ ಬರುವುದಿಲ್ಲ.

ಆದರೆ ಹೆಸರಿಗೆ ಸೈಟ್ ಬಂದ ಮಾತ್ರಕ್ಕೆ ನಿಮ್ಮ ಫೋನ್ ಮತ್ತೆ ಬರುತ್ತದೆ ಅಂತ ನನಗೆ ಅನ್ನಿಸುತ್ತಿಲ್ಲ. ಫೋನ್ ತರುತ್ತಿದ್ದದ್ದು ವ್ಯಾಪಾರದ ಹೆಸರಲ್ಲ, ಮೋಟಾರ್ ಮತ್ತು ಬಾಬಿನ್ ಕೇಸ್. ಆ ಪುಟಗಳು ಹೊಸ ಸೈಟ್‌ನಲ್ಲಿ ಎಲ್ಲಿವೆ?

ಸೂಜಿದಾರ

ಹೊಸದರಲ್ಲಿ ಬೇರೆ ಬೇರೆ ಪುಟ ಇಲ್ಲ. ಎಲ್ಲಾ ಒಂದೇ ಉದ್ದ ಪುಟ. ಮೆನು ಒತ್ತಿದರೆ ಕೆಳಗೆ ಜಾರಿಕೊಂಡು ಹೋಗುತ್ತದೆ. ವಿಳಾಸದ ಕೊನೆಗೆ ಹ್ಯಾಶ್ ಗುರುತು ಹಾಕಿ 'ರಿಪೇರಿ', 'ಬಿಡಿಭಾಗ' ಅಂತ ಬರುತ್ತದೆ. ಹಳೇ ಸೈಟ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಪುಟ ಇತ್ತು. ಈಗ ಹಳೇ ಲಿಂಕ್ ಒತ್ತಿದರೆ 404, ಅಂದರೆ ಪುಟ ಇಲ್ಲ ಅಂತ ಬರುತ್ತದೆ.

ಲಾಗ್‌ಫೈಲ್

ನಿಜವಾದ ನಷ್ಟ ಇಲ್ಲಿ ಆಗಿದೆ. ಟಿಕ್ ತೆಗೆಯುವುದು ಒಂದು ಕ್ಲಿಕ್‌ನ ಕೆಲಸ. ಇದು ಹಾಗಲ್ಲ.

ವಿಳಾಸದಲ್ಲಿ ಹ್ಯಾಶ್ ಆದ ಮೇಲೆ ಏನೇ ಇದ್ದರೂ ಗೂಗಲ್ ಅದನ್ನು ಬೇರೆ ಪುಟ ಅಂತ ಎಣಿಸುವುದಿಲ್ಲ. ಹಾಗಾಗಿ ಅದರ ಲೆಕ್ಕದಲ್ಲಿ ನಿಮ್ಮದು ಒಂದೇ ಪುಟದ ಸೈಟ್. ಆ ಒಂದು ಪುಟಕ್ಕೆ ಒಂದೇ ಟೈಟಲ್ (ಪುಟದ ಹೆಸರು). ಆ ಒಂದು ಟೈಟಲ್ ಮೋಟಾರ್ ಹುಡುಕುವವರಿಗೂ, ಬಾಬಿನ್ ಕೇಸ್ ಹುಡುಕುವವರಿಗೂ, ಹಳೇ ಯಂತ್ರ ಸರ್ವಿಸ್ ಮಾಡಿಸುವವರಿಗೂ ಹೊಂದಬೇಕು. ಹೇಗೆ ಹೊಂದುತ್ತದೆ ಹೇಳಿ? ಇದನ್ನು ಯಾವ ಪ್ಯಾಕೇಜ್ ಬಂದರೂ ಹೊರಗಿನಿಂದ ಸರಿಮಾಡಲು ಆಗುವುದಿಲ್ಲ. ಎಷ್ಟು ಪುಟ, ಯಾವ ಪುಟಕ್ಕೆ ಯಾವ ವಿಳಾಸ, ಯಾವ ಪುಟದಿಂದ ಯಾವುದಕ್ಕೆ ಲಿಂಕ್ – ಇವು ವಿನ್ಯಾಸದ ತೀರ್ಮಾನಗಳು. ಎಸ್‌ಇಒದ ಮುಕ್ಕಾಲು ಭಾಗ ಅಲ್ಲೇ ಮುಗಿದಿರುತ್ತದೆ.

ಪಿಕ್ಸೆಲ್‌ಪುಟ್ಟ

ಡಿಸೈನರ್ ಪರವಾಗಿ ಒಂದು ಮಾತು. ನಾನೂ ಅದೇ ಕೆಲಸ ಮಾಡುವವನು. ಒಂದೇ ಪುಟದ ಸೈಟ್ ತಪ್ಪೇನಲ್ಲ. ಒಂದೇ ಸೇವೆ ಇರುವವರಿಗೆ, ಒಂದು ಕಾರ್ಯಕ್ರಮದ ಆಹ್ವಾನಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಎಲ್ಲಾ ಸೈಟ್‌ಗಳೂ ಇಪ್ಪತ್ತು ಪುಟ ಇರಬೇಕು ಅಂತ ಹೇಳಿದರೆ ನಾನು ಒಪ್ಪುವುದಿಲ್ಲ.

ಲಾಗ್‌ಫೈಲ್

ಒಪ್ಪಿದೆ. ಜನ ಬೇರೆಬೇರೆಯಾಗಿ ಹುಡುಕುವ ಕೆಲಸಗಳಿಗೆ ಮಾತ್ರ ಬೇರೆ ಪುಟ ಸಾಕು. ಸೂಜಿದಾರ ಅವರಿಗೆ ಐದಾರು ಆಗಬಹುದು. ಊರೂರಿನ ಹೆಸರು ಹಾಕಿ ಅದೇ ಬರಹದ ನಲವತ್ತು ಪುಟ ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲಿನಲ್ಲೇ ಕಳಿಸಿ. ಅಂಥ ಪುಟಗಳನ್ನು ಗೂಗಲ್ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ.

ಯಾವ ಪುಟ ಬೇಕು ಅಂತ ತಿಳಿಯಲು ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ನೋಡಿ. 16 ತಿಂಗಳ ಹಿಂದಿನ ತನಕ ಲೆಕ್ಕ ಸಿಗುತ್ತದೆ. ನೀವು ಈಗ ತಾನೇ ಖಾತೆ ತೆರೆದಿರುವುದರಿಂದ ಹಿಂದಿನ ಲೆಕ್ಕ ಎಷ್ಟು ಸಿಗುತ್ತದೆ ಅಂತ ತೆರೆದು ನೋಡಬೇಕು. ಪೇಜಸ್ ಒತ್ತಿ, ಯಾವ ಹಳೇ ವಿಳಾಸಕ್ಕೆ ಜಾಸ್ತಿ ಕ್ಲಿಕ್ ಬಂದಿತ್ತು ಅಂತ ಬರೆದುಕೊಳ್ಳಿ. ಆ ಪುಟಗಳಲ್ಲಿ ಏನಿತ್ತು ಅಂತ ನೆನಪಿಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ. ಹಳೇ ಬರಹ ಅಲ್ಲಿ ಸಿಕ್ಕರೂ ಸಿಗಬಹುದು.

ಆಮೇಲೆ ಪ್ರತಿ ಹಳೇ ವಿಳಾಸದಿಂದ ಅದೇ ವಿಷಯದ ಹೊಸ ಪುಟಕ್ಕೆ 301 ರೀಡೈರೆಕ್ಟ್ ಹಾಕಿ. ಇದು ಹಳೇ ವಿಳಾಸಕ್ಕೆ ಬಂದವರನ್ನು ತಾನಾಗಿಯೇ ಹೊಸದಕ್ಕೆ ಕಳಿಸಿ, ಶಾಶ್ವತವಾಗಿ ಜಾಗ ಬದಲಾಯಿತು ಅಂತ ಹೇಳುವ ಗುರುತು. ಹೊಸ ಪುಟಕ್ಕೂ ಹಳೆಯ ವಿಳಾಸವನ್ನೇ ಕೊಡಲು ಆಗುವುದಾದರೆ ಇನ್ನೂ ಒಳ್ಳೆಯದು, ರೀಡೈರೆಕ್ಟೇ ಬೇಕಿಲ್ಲ.

ಕೀವರ್ಡ್‌ರಾಜ

ಅಷ್ಟೊಂದು ಯಾಕೆ? ಎಲ್ಲಾ 404 ಅನ್ನೂ ಮುಖಪುಟಕ್ಕೆ ಕಳಿಸುವ ಪ್ಲಗಿನ್ ಇದೆ. ಒಂದೇ ಕ್ಲಿಕ್.

ಲಾಗ್‌ಫೈಲ್

ಕ್ಲಿಕ್ ಒಂದೇ, ಉಪಯೋಗ ಸೊನ್ನೆ. ಬಾಬಿನ್ ಕೇಸ್ ಪುಟ ಕೇಳಿದವರನ್ನು ಮುಖಪುಟಕ್ಕೆ ತಳ್ಳಿದರೆ ಗೂಗಲ್ ಅದನ್ನು ಸಾಫ್ಟ್ 404 ಅಂತ ಗುರುತು ಹಾಕಬಹುದು. ಅಂದರೆ ಪುಟ ಇಲ್ಲ ಅನ್ನುವ ಲೆಕ್ಕವೇ. ಬಂದ ಗಿರಾಕಿಗೂ ಕಿರಿಕಿರಿ. ಹೊಂದುವ ಪುಟ ಇಲ್ಲದಿದ್ದರೆ 404 ಆಗಿಯೇ ಇರಲಿ, ತೊಂದರೆ ಇಲ್ಲ.

ಹಾಕಿದ ರೀಡೈರೆಕ್ಟ್‌ಗಳನ್ನು ಕಡೇ ಪಕ್ಷ ಒಂದು ವರ್ಷ ಉಳಿಸಿ ಅನ್ನುವುದು ಗೂಗಲ್ ಸಲಹೆ. ನಾನಂತೂ ತೆಗೆಯುವುದೇ ಇಲ್ಲ.

ಸೂಜಿದಾರ

ಡಿಸೈನರ್ ಜೊತೆ ಕೂತು ಮಾತಾಡಿದೆ. ಐದು ಸೇವಾ ಪುಟ ಮಾಡಲು ಒಪ್ಪಿದರು. ವಿಳಾಸಗಳೂ ಹಳೆಯವೇ ಇರುತ್ತವೆ. ಇನ್ನೊಂದು ಪ್ರಶ್ನೆ: ಮೇಲಿನ ದೊಡ್ಡ ಸ್ಲೈಡರ್ (ಒಂದಾದ ಮೇಲೊಂದು ಬದಲಾಗುವ ಚಿತ್ರಗಳು) ಇರಲೇಬೇಕು ಅಂತ ಅವರು ಅನ್ನುತ್ತಾರೆ. ಶೀರ್ಷಿಕೆ, ಸೇವೆಗಳ ಪಟ್ಟಿ, ಫೋನ್ ನಂಬರ್ ಎಲ್ಲಾ ಅದರ ಚಿತ್ರದೊಳಗೇ ಇದೆ. ಇದು ತೊಂದರೆಯಾ?

ಪಿಕ್ಸೆಲ್‌ಪುಟ್ಟ

ಇಲ್ಲಿ ನಾನು ಅವರ ಪರ ಇಲ್ಲ. ಚಿತ್ರದೊಳಗೆ ಬರೆದ ಅಕ್ಷರವನ್ನು ನಂಬಿಕೊಂಡು ಪುಟ ಕಟ್ಟಬಾರದು. ಸರ್ಚ್ ಎಂಜಿನ್ ಬಿಡಿ, ಮೊಬೈಲ್‌ನಲ್ಲಿ ಆ ಫೋನ್ ನಂಬರ್ ಒತ್ತಿದರೆ ಕರೆಯೇ ಹೋಗುವುದಿಲ್ಲ ಅಲ್ವಾ? ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಅದು ಓದಲು ಬರುವುದಿಲ್ಲ. ಚಿತ್ರದ ಜೊತೆ ಕೋಡ್‌ನಲ್ಲಿ ಬರೆಯುವ ಆಲ್ಟ್ ಟೆಕ್ಸ್ಟ್ ಇರುವುದು ಚಿತ್ರದಲ್ಲಿ ಏನಿದೆ ಅಂತ ಹೇಳಲು. ಇಡೀ ಜಾಹೀರಾತನ್ನು ಅದರೊಳಗೆ ತುರುಕಬೇಡಿ. ಚಿತ್ರ ಹಿಂದೆ ಇರಲಿ, ಶೀರ್ಷಿಕೆ ನಿಜವಾದ ಎಚ್1 (ಮುಖ್ಯ ಶೀರ್ಷಿಕೆಯ ಟ್ಯಾಗ್) ಆಗಿ ಮೇಲೆ ಬರಲಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಸ್ಲೈಡರ್‌ಗೆ ಇನ್ನೊಂದು ತಲೆನೋವಿದೆ. ಪುಟ ತೆರೆದಾಗ ಮೊದಲು ಕಾಣುವ ದೊಡ್ಡ ವಸ್ತು ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಗೂಗಲ್ ಅಳೆಯುತ್ತದೆ. ಅದು ಎಲ್‌ಸಿಪಿ. 2.5 ಸೆಕೆಂಡ್ ಒಳಗಿದ್ದರೆ ಒಳ್ಳೆಯದು. ಐದು ದೊಡ್ಡ ಫೋಟೋ ಹೊತ್ತುಕೊಂಡ ಸ್ಲೈಡರ್ ಇದ್ದರೆ ಅದು ಕಷ್ಟ. ಒಂದೇ ಚಿತ್ರ ಇಡಿ, ವೆಬ್‌ಪಿ ಅನ್ನುವ ಹಗುರ ಫೈಲ್ ರೂಪಕ್ಕೆ ಬದಲಿಸಿ. ಮುಖ್ಯವಾಗಿ, ಆ ಮೊದಲ ಚಿತ್ರಕ್ಕೆ ಲೇಜಿ ಲೋಡ್ (ಓದುಗ ಹತ್ತಿರ ಬಂದಾಗ ಮಾತ್ರ ಚಿತ್ರ ತರುವುದು) ಹಾಕಬೇಡಿ. ಕೆಳಗಿನ ಚಿತ್ರಗಳಿಗೆ ಮಾತ್ರ ಹಾಕಿ. ಎಲ್ಲಾ ಚಿತ್ರಕ್ಕೂ ಅಗಲ, ಎತ್ತರ ಬರೆದಿರಲಿ. ಇಲ್ಲದಿದ್ದರೆ ಓದುತ್ತಿರುವಾಗಲೇ ಪುಟ ಕೆಳಗೆ ಹಾರುತ್ತದೆ.

ಲಾಗ್‌ಫೈಲ್

ವೇಗದ ಬಗ್ಗೆ ಪುಟ್ಟ ಹೇಳಿದ್ದು ಸರಿ. ಆದರೆ ವೇಗದ ಪರೀಕ್ಷೆಯಲ್ಲಿ 100ಕ್ಕೆ 100 ಅಂಕ ಬರಿಸುತ್ತೇನೆ ಅಂತ ಹೊರಡಬೇಡಿ. ಖಾಲಿ ಪುಟ ಎಷ್ಟು ಬೇಗ ತೆರೆದರೂ ಖಾಲಿಯೇ.

ಹೊಸ ಪುಟಗಳಲ್ಲಿ ಟ್ಯಾಬ್ ಅಥವಾ 'ಇನ್ನಷ್ಟು ಓದಿ' ಬಟನ್ ಇದೆಯಾ ಕೇಳಿ. ಬರಹ ಪುಟದ ಎಚ್‌ಟಿಎಂಎಲ್‌ನಲ್ಲೇ (ಮೂಲ ಕೋಡ್‌ನಲ್ಲೇ) ಇದ್ದು ಸುಮ್ಮನೆ ಮುಚ್ಚಿದ್ದರೆ ಪರವಾಗಿಲ್ಲ. ಬಟನ್ ಒತ್ತಿದ ಮೇಲೆ ಸರ್ವರ್‌ನಿಂದ ತರುವ ಹಾಗಿದ್ದರೆ ಆ ಬರಹ ಗೂಗಲ್‌ಗೆ ಸಿಗುವುದಿಲ್ಲ, ಏಕೆಂದರೆ ಪುಟ ಓದಲು ಬರುವ ಗೂಗಲ್‌ಬಾಟ್ ಬಟನ್ ಒತ್ತುವುದಿಲ್ಲ. ಮೊಬೈಲ್‌ನಲ್ಲಿ ಜಾಗ ಇಲ್ಲ ಅಂತ ಅರ್ಧ ಬರಹ ತೆಗೆದುಬಿಡುವ ಅಭ್ಯಾಸವೂ ಬೇಡ. ಈಗ ಗೂಗಲ್ ಇಂಡೆಕ್ಸ್ ಮಾಡುವುದು ಮೊಬೈಲ್ ರೂಪವನ್ನೇ. ಅಲ್ಲಿ ಇಲ್ಲದ್ದು ಅದರ ಪಾಲಿಗೆ ಇಲ್ಲ.

ಅನುಮಾನ ಇದ್ದರೆ ಲೈವ್ ಟೆಸ್ಟ್ ಮಾಡಿ 'ವ್ಯೂ ಟೆಸ್ಟೆಡ್ ಪೇಜ್' ಒತ್ತಿ. ಗೂಗಲ್‌ಗೆ ಸಿಕ್ಕ ಎಚ್‌ಟಿಎಂಎಲ್ ಅಲ್ಲಿ ಇರುತ್ತದೆ. ನಿಮ್ಮ ಪುಟದ ಒಂದು ವಾಕ್ಯವನ್ನು ಅದರಲ್ಲಿ ಹುಡುಕಿ. ಸಿಕ್ಕರೆ ಸರಿ.

ಸೂಜಿದಾರ

ಅಪ್‌ಡೇಟ್. ವ್ಯಾಪಾರದ ಹೆಸರು ಹಾಕಿದರೆ ಸೈಟ್ ಮೊದಲು ಬರುತ್ತಿದೆ. ಐದು ಪುಟದಲ್ಲಿ ಮೋಟಾರ್ ಪುಟ ಮತ್ತು ಬಾಬಿನ್ ಕೇಸ್ ಪುಟ ಇಂಡೆಕ್ಸ್ ಆಗಿವೆ. ನಿನ್ನೆ ಮೋಟಾರ್ ಕೇಳಿಕೊಂಡು ಒಂದು ಫೋನ್ ಕೂಡ ಬಂತು. ಉಳಿದ ಮೂರಕ್ಕೆ 'ಡಿಸ್ಕವರ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಅಂತ ಇದೆ. ಸೈಟ್‌ಮ್ಯಾಪ್ (ಪುಟಗಳ ವಿಳಾಸದ ಪಟ್ಟಿ) ಗೂಗಲ್‌ಗೆ ಕೊಟ್ಟಿದ್ದೇನೆ. ಬೇರೇನು ಮಾಡಬೇಕು?

ಲಾಗ್‌ಫೈಲ್

ಆ ವಿಳಾಸ ಗೊತ್ತು, ಇನ್ನೂ ಬಂದು ಓದಿಲ್ಲ ಅಂತ ಅದರ ಅರ್ಥ. ಆ ಮೂರು ಪುಟಕ್ಕೆ ಮುಖಪುಟದಿಂದ ಲಿಂಕ್ ಇದೆಯಾ? ಸೈಟ್‌ಮ್ಯಾಪ್‌ನಲ್ಲಿ ಮಾತ್ರ ಇದ್ದರೆ ಸಾಲದು.

ಸೂಜಿದಾರ

ಮುಖಪುಟದಲ್ಲಿ ಐದು ಚೌಕಗಳಿವೆ, ಎಲ್ಲಾ ಒತ್ತಿದರೆ ಹೋಗುತ್ತವೆ. ಆದರೆ ಆ ಮೂರರ ಮೇಲೆ ಬಲ ಬಟನ್ ಒತ್ತಿದರೆ 'ಹೊಸ ಟ್ಯಾಬ್‌ನಲ್ಲಿ ತೆರೆ' ಅಂತ ಬರುತ್ತಿಲ್ಲ. ಮೋಟಾರ್ ಚೌಕದಲ್ಲಿ ಬರುತ್ತದೆ.

ಪಿಕ್ಸೆಲ್‌ಪುಟ್ಟ

ಚೆನ್ನಾಗಿ ಗಮನಿಸಿದ್ದೀರಿ. ಆ ಮೂರು ಚೌಕಗಳು ನಿಜವಾದ ಲಿಂಕ್ ಅಲ್ಲ, ಜಾವಾಸ್ಕ್ರಿಪ್ಟ್‌ನ ಆನ್‌ಕ್ಲಿಕ್‌ನಿಂದ ಓಡುತ್ತಿವೆ. ಎಚ್‌ರೆಫ್ ಇರುವ ಎ ಟ್ಯಾಗ್ ಆದರೆ ಮಾತ್ರ ಗೂಗಲ್ ಅದನ್ನು ಹಿಡಿದು ಮುಂದೆ ಹೋಗುತ್ತದೆ ಅಂತ ಭರವಸೆ ಇಡಬಹುದು. ಡಿಸೈನರ್‌ಗೆ ಹೀಗೆಯೇ ಹೇಳಿ, ಅರ್ಥವಾಗುತ್ತದೆ. ಲಿಂಕ್ ಮೇಲೆ 'ಇಲ್ಲಿ ಒತ್ತಿ' ಅಂತ ಬೇಡ, 'ಹಳೇ ಯಂತ್ರ ಸರ್ವಿಸ್' ಅಂತ ಪುಟದ ವಿಷಯವೇ ಇರಲಿ.

ಲಾಗ್‌ಫೈಲ್

ಅದು ಸರಿಯಾದ ಮೇಲೆ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪ್ಸ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರ) ಒಂದು ಸಲ ತೆರೆದು ನೋಡಿ. ಅಲ್ಲಿ ಕೊಟ್ಟಿರುವ ವೆಬ್‌ಸೈಟ್ ಲಿಂಕ್ ಯಾವುದಾದರೂ ಹಳೇ 404 ಪುಟಕ್ಕೆ ಹೋಗುತ್ತಿರಬಹುದು. ಹೆಸರು, ವಿಳಾಸ, ಫೋನ್ ಸೈಟ್‌ನಲ್ಲಿ ಇರುವ ಹಾಗೆಯೇ ಅಲ್ಲೂ ಇರಲಿ.

ಸೂಜಿದಾರ

ನೋಡಿದೆ. ಹಳೇ 'ಸಂಪರ್ಕ' ಪುಟಕ್ಕೆ ಹೋಗುತ್ತಿತ್ತು, ಈಗ ಬದಲಿಸಿದೆ. ಚೌಕಗಳ ವಿಷಯ ಡಿಸೈನರ್‌ಗೆ ಕಳಿಸಿದ್ದೇನೆ, ಈ ವಾರ ಮಾಡಿಕೊಡುತ್ತಾರಂತೆ. ಮೂರೂ ಪುಟ ಇಂಡೆಕ್ಸ್ ಆದ ಮೇಲೆ ಈ ಚರ್ಚೆಗೆ 'ಪರಿಹಾರವಾಗಿದೆ' ಅಂತ ಹಾಕುತ್ತೇನೆ.